ತೂತಿಯಿಂದ ಬಂದವರು

ಪುಣೆಗೆ ಬಂದ ಮೊದಲ ತಿಂಗಳುಗಳಲ್ಲಿ ಆಮ್ನಾ ಹಗಲಿಡೀ ಮಲಗಿರುತ್ತಿದ್ದಳು. ಅದು ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಬಿಬವೇವಾಡಿಯ ಆ ಮಾಳಿಗೆ ಕೋಣೆಯ ಕೆಳಗೆ ಲೀಲಾಕ್ಷಿಯ ಹೋಟೆಲು. ಅಲ್ಲಿ ದೋಸೆಹಿಟ್ಟಿನ ಗ್ರೈಂಡರು ತಿರುಗತೊಡಗಿದರೆ ಅದರ ಗುರುಗುರು ನೆಲದೊಳಗಿಂದ ಏರಿ ಬಂದು ಹಾಸಿಗೆಯನ್ನು ಹೊಗುತ್ತಿತ್ತು. ಆಗ ಆಮ್ನಾಳಿಗೆ ತಾನು ದೋಣಿಯಲ್ಲಿ ಕೂತಂತೆ ಆಗುತ್ತಿತ್ತು. ಸುತ್ತಲೂ ನೈಲ್ ನದಿ. ನೀರಿನ ಮೇಲೆ ಹಾಲಿನಂಥ ಬೆಳಕು. ಎದುರಿಗೆ ತೂತಿಯ ದಡ, ದಡದಲ್ಲಿ ಯಾರೋ ಕೈ ಬೀಸುತ್ತಿದ್ದಾರೆ. ದೋಣಿ ಇನ್ನೇನು ದಡ ಮುಟ್ಟಬೇಕು ಅನ್ನುವಾಗ ಕೆಳಗೆ ಗ್ರೈಂಡರು ನಿಂತುಬಿಡುತ್ತಿತ್ತು. ಕಣ್ಣು ಬಿಟ್ಟರೆ ತಿರುಗುವ ಫ್ಯಾನು, ಕಿಟಕಿಯಾಚೆ ಆಟೋಗಳ ಹಾರ್ನು, ಒಗ್ಗರಣೆಯ ಘಾಟು.

ತೂತಿ ಎಂಬುದು ಸುಡಾನ್ ದೇಶದಲ್ಲಿ ಎರಡು ನೈಲ್ ನದಿಗಳು ಕೂಡುವಲ್ಲಿರುವ ನಡುಗಡ್ಡೆ. ಆಮ್ನಾ ಹುಟ್ಟಿದ್ದು, ಮದುವೆಯಾದದ್ದು, ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸಿದ್ದು ಎಲ್ಲ ಅಲ್ಲೇ. ಯುದ್ಧ ಶುರುವಾದಾಗ ಅವಳ ಒಬ್ಬಳೇ ಮಗಳು ರಿಹಾಬ್ ಪುಣೆಯಲ್ಲಿ ಫಾರ್ಮಸಿ ಓದುತ್ತಿದ್ದಳು. ಬೀದಿಯಲ್ಲಿ ಗುಂಡು ಹಾರತೊಡಗಿದ ಮೇಲೆ ಗಂಡ ಬಶೀರ್ ಆಮ್ನಾಳನ್ನು ಬಸ್ಸಿಗೆ ಹತ್ತಿಸಿದ.

"ನೀನು ಮಗಳ ಹತ್ತಿರ ಹೋಗು. ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಈ ಸ್ಥಿತಿಯಲ್ಲಿ ಎಬ್ಬಿಸಲಾಗದು. ಅವಳಿಗೆ ಸ್ವಲ್ಪ ಕಸುವು ಬರಲಿ, ಇಬ್ಬರೂ ಹಿಂದೆಯೇ ಬರುತ್ತೇವೆ" ಅಂದ.

ಆಮ್ನಾ ಮರಳುಗಾಡು ದಾಟಿ, ಸಮುದ್ರದ ಬಂದರಿನ ಊರು ಸೇರಿ, ವಿಮಾನ ಹತ್ತಿ ಮಗಳ ಕೋಣೆಗೆ ಬಂದಳು. ಸ್ವಲ್ಪ ದಿನ ಬಶೀರನ ದನಿ ಫೋನಿನಲ್ಲಿ ಕೇಳಿಸಿತು. ಆಮೇಲೆ ನಡುಗಡ್ಡೆಯನ್ನು ಸೈನಿಕರು ಸುತ್ತುಗಟ್ಟಿದರು. ಫೋನು ಸತ್ತುಹೋಯಿತು. ವೀಸಾದ ಅವಧಿ ಮುಗಿಯುವ ಮುಂಚೆ ತಾಯಿ ಮಗಳು ದಿಲ್ಲಿಗೆ ಹೋಗಿ, ಈ ದೇಶದಲ್ಲಿ ತಮಗೆ ಆಶ್ರಯ ಬೇಕೆಂದು ಕೇಳಿಕೊಂಡು ಬಂದರು. ಉತ್ತರ ಬರುವುದಿತ್ತು. ಬಶೀರನ ಸುದ್ದಿಯೂ ಬರುವುದಿತ್ತು. ಹಾಗೆ ಕಾಯುವುದಕ್ಕೆ ಮಲಗಿರುವುದೇ ಸುಲಭವೆಂದು ಅವಳ ಮೈ ಕಂಡುಕೊಂಡಿತ್ತು.

ಲೀಲಾಕ್ಷಿ ಉಡುಪಿ ಕಡೆಯವಳು. ಗಂಡ ಕಾಂತಪ್ಪ ಹಾಕಿದ ಹೋಟೆಲು ಅದು. ಅವನು ತೀರಿಕೊಂಡ ಮೇಲೆ ಗಲ್ಲಾದ ಮೇಲೆ ತಾನೇ ಕೂತು ನಡೆಸುತ್ತಿದ್ದಳು. ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ಇಂಡಿ ಕಡೆಯ ಕಾಶವ್ವ. ತಾಯಿ ಸರಿಯಾಗಿ ಉಣ್ಣುವುದಿಲ್ಲವೆಂದು ರಿಹಾಬ್ ಬೇಸರದಿಂದ ಹೇಳಿದ್ದನ್ನು ಕೇಳಿ ಒಂದು ಮಧ್ಯಾಹ್ನ ಲೀಲಾಕ್ಷಿ ಆಮ್ನಾಳನ್ನು ಕೆಳಗೆ ಊಟಕ್ಕೆ ಕರೆದಳು. ಆಮ್ನಾ ತನ್ನ ಉದ್ದನೆಯ ತೋಬ್ ಬಟ್ಟೆಯನ್ನು ತಲೆಯಿಂದ ಪಾದದವರೆಗೆ ಸುತ್ತಿಕೊಂಡು ಮೆಟ್ಟಿಲಿಳಿದು ಬಂದಳು.

"ಕಾಶವ್ವ, ಅದು ಸೀರೆಯೇ ಅಲ್ಲವಾ?" ಎಂದಳು ಲೀಲಾಕ್ಷಿ.

"ಸೀರಿಗಿಂತ ಹಗೂರದ ನೋಡ್ರಿ ಅಕ್ಕಾರ. ಗಾಳಿ ಸುತಗೊಂಡು ಬಂದಂಗ ಕಾಣತಾರ."

ಆಮ್ನಾ ಕೂರುವ ಮುಂಚೆ ಲೀಲಾಕ್ಷಿಯ ಕೈ ಹಿಡಿದು ಆರೋಗ್ಯ ಕೇಳಿದಳು. ಮನೆಯವರ ಆರೋಗ್ಯ ಕೇಳಿದಳು. ತಾಯಿಯ, ನೆರೆಮನೆಯವರ, ಮತ್ತೆ ಲೀಲಾಕ್ಷಿಯ ಆರೋಗ್ಯ ಕೇಳಿದಳು. ಮಗಳು ಕಲಿಸಿದ ಹಿಂದಿಯಲ್ಲಿ, ಪ್ರತಿ ಮಾತಿಗೂ ಉತ್ತರಕ್ಕಾಗಿ ಕಾಯುತ್ತ ಕೇಳುತ್ತಿದ್ದಳು. ತರಕಾರಿ ಗಾಡಿಯವನನ್ನೂ ಹೀಗೆಯೇ ಕೇಳಲು ಹೋಗಿದ್ದಳಂತೆ. ಅವನು ನಕ್ಕು, "ಭಾಭಿ, ಏನು ಬೇಕು ಬೇಗ ಹೇಳಿ" ಅಂದಿದ್ದನಂತೆ. ಅಂದಿನಿಂದ ಅವಳು ಆ ಗಾಡಿಯ ಕಡೆಗೆ ಹೋಗಿರಲಿಲ್ಲ.

ಊಟ ಬಡಿಸಿದರು. ಆಮ್ನಾಳಿಗೆ ಸಂತೋಷವಾಯಿತು. ಸಂತೋಷದಲ್ಲಿ ಅವಳು ತನ್ನ ಊರಿನಲ್ಲಿ ಮಾಡುವ ಹಾಗೆ ಲೀಲಾಕ್ಷಿಯ ತಟ್ಟೆಗೆ ಕೈಹಾಕಿ, ಒಂದು ತುತ್ತು ಪಲ್ಯ ತೆಗೆದುಕೊಂಡು ಬಾಯಿಗಿಟ್ಟಳು. ಲೀಲಾಕ್ಷಿಯ ಕೈ ತಾನಾಗಿಯೇ ಹಿಂದೆ ಸರಿಯಿತು. ಬಾಯಿಂದ "ಅಯ್ಯೋ, ಎಂಜಲು" ಎಂಬ ಮಾತು ಹೊರಬಿತ್ತು. ಆ ಪದ ಆಮ್ನಾಳಿಗೆ ಅರ್ಥವಾಗಲಿಲ್ಲ, ಸರಿದ ಕೈ ಅರ್ಥವಾಯಿತು. ತೂತಿಯಲ್ಲಿ ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತು ಉಣ್ಣುತ್ತಿದ್ದರು. ಅಲ್ಲಿ ಕೈ ಹಿಂದೆ ತೆಗೆಯುವುದೆಂದರೆ ಜಗಳವಾಡಿದಂತೆ. ಅವಳು ಉಳಿದ ಅನ್ನವನ್ನು ತಲೆ ತಗ್ಗಿಸಿ ಉಂಡು, ಧನ್ಯವಾದ ಹೇಳಿ ಮೇಲೆ ಹೋದಳು. ಆಮೇಲೆ ಬಹಳ ದಿನ ಕೆಳಗಿಳಿಯಲಿಲ್ಲ.

"ನಾನು ಬೇಕಂತ ಮಾಡಿದ್ದಾ? ಅಭ್ಯಾಸಬಲ ಮಾರಾಯ್ತಿ" ಎಂದು ಲೀಲಾಕ್ಷಿ ಕಾಶವ್ವನ ಹತ್ತಿರ ಹಲುಬಿಕೊಂಡಳು.

"ಅವರೂ ಬೇಕಂತ ಮಾಡಿಲ್ಲ ಬಿಡ್ರಿ" ಅಂದಳು ಕಾಶವ್ವ.

ಮಳೆಗಾಲದ ನಡುವೆ, ಗಣೇಶನ ಹಬ್ಬಕ್ಕೆ ಇನ್ನೂ ಸಾಕಷ್ಟು ದಿನವಿರುವಾಗಲೇ ಪುಣೆಯ ಮೈದಾನಗಳಲ್ಲಿ ಡೋಲು ತಾಶೆಯ ಅಭ್ಯಾಸ ಶುರುವಾಗುತ್ತದೆ. ಆ ಸಂಜೆಯೂ ಶುರುವಾಯಿತು. ಹೋಟೆಲಿನಲ್ಲಿದ್ದ ಯಾರಿಗೂ ಅದು ಸದ್ದೆನ್ನಿಸಲೇ ಇಲ್ಲ. ಚಹಾ ಕೊಡುವ ನೆಪದಲ್ಲಿ ಮಾತಾಡಿಸೋಣವೆಂದು ಲೀಲಾಕ್ಷಿ ಮೇಲೆ ಹೋದರೆ ಕೋಣೆಯಲ್ಲಿ ಯಾರೂ ಇಲ್ಲ. ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಸುರಿಯುತ್ತಿದೆ. ಮೂಲೆಯಲ್ಲಿ ಆಮ್ನಾ ಮೊಣಕಾಲೊಳಗೆ ತಲೆಯಿಟ್ಟು, ತೋಬನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾಳೆ.

"ಇಲ್ಲಿಗೂ ಬಂದರು" ಅಂದಳು ಆಮ್ನಾ. "ನದಿ ದಾಟಿ ಬಂದರು."

ಲೀಲಾಕ್ಷಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ದೂರದಿಂದ ಧಡ್, ಧಡ್, ಧಡಧಡ ಎಂದು ಬರುತ್ತಿದ್ದ ಸದ್ದನ್ನು ಆಮೇಲೆ ಅವಳೂ ಕೇಳಿಸಿಕೊಂಡಳು. ನಲ್ಲಿ ನಿಲ್ಲಿಸಿದಳು. ಒದ್ದೆ ನೆಲದಲ್ಲೇ ಕುಕ್ಕರಗಾಲಲ್ಲಿ ಕೂತು ಆಮ್ನಾಳ ಎರಡೂ ಕೈ ಹಿಡಿದಳು. ಈ ಸಲ ಕೈ ಸರಿಯಲಿಲ್ಲ.

"ಬಾ. ಅದು ಎಂತದು ಅಂತ ತೋರಿಸ್ತೇನೆ. ಹೆದರಿಕೆಯಾದರೆ ಅಲ್ಲಿಂದಲೇ ವಾಪಸು ಬರುವ."

ಇಬ್ಬರೂ ಛತ್ರಿ ಹಿಡಿದು ನಡೆದರು. ಸದ್ದು ಹತ್ತಿರವಾದಷ್ಟೂ ಆಮ್ನಾಳ ಹೆಜ್ಜೆ ಕಿರಿದಾಗುತ್ತಿತ್ತು. ಮೈದಾನದ ಬಾಯಲ್ಲಿ ಅವಳು ಕಣ್ಣು ಮುಚ್ಚಿಬಿಟ್ಟಳು. ತೆರೆದಾಗ ಕಂಡದ್ದು ಹುಡುಗಿಯರು. ಜಡಿಮಳೆಯಲ್ಲಿ ನೆನೆಯುತ್ತ, ಪ್ಯಾಂಟು ಮಡಚಿ, ಸೊಂಟಕ್ಕೆ ದೊಡ್ಡ ದೊಡ್ಡ ಡೋಲು ಬಿಗಿದುಕೊಂಡು ಸಾಲಾಗಿ ನಿಂತ ಹುಡುಗಿಯರು. ಎಲ್ಲರ ಕೈಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಅವರಲ್ಲೊಬ್ಬಳು ನೀಲಿಮಾ, ದಿನಾ ಹೋಟೆಲಿಗೆ ತಿಂಡಿಗೆ ಬರುವ ಆಫೀಸಿನ ಹುಡುಗಿ, ಲೀಲಾಕ್ಷಿಯನ್ನು ಕಂಡು ಓಡಿ ಬಂದಳು. ವಿಷಯ ತಿಳಿದು ಆಮ್ನಾಳ ಅಂಗೈಯನ್ನು ಡೋಲಿನ ಚರ್ಮದ ಮೇಲೆ ಇರಿಸಿಕೊಂಡು, ಇನ್ನೊಂದು ಬದಿಗೆ ಮೆಲ್ಲಗೆ ಬಡಿದಳು.

ಸದ್ದು ಆಮ್ನಾಳ ಅಂಗೈಯೊಳಗೆ ಮೀನಿನ ಹಾಗೆ ಹೊರಳಿತು. ಅವಳು ಕೈ ತೆಗೆಯಲಿಲ್ಲ. ಮಳೆ ಬಿಳಿಯಾಗಿ ಸುರಿಯುತ್ತಿತ್ತು. ಹುಡುಗಿಯರು ಅದರೊಳಗೆ ಕಂಡು ಮರೆಯಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಆ ಬಡಿತದ ಜೊತೆಗೆ ನಡೆಯತೊಡಗಿತು.

ವಾಪಸು ಬರುವಾಗ ಅವಳೇ ಮಾತು ತೆಗೆದಳು. "ನಮ್ಮ ತೂತಿಯಲ್ಲಿ ನೆರೆ ಏರಿದಾಗ ಡೋಲು ಬಡಿಯುತ್ತಿದ್ದರು. ಎಲ್ಲರೂ ಎದ್ದು ದಡಕ್ಕೆ ಓಡಿ ಮಣ್ಣು ಹಾಕಬೇಕು. ನಾನು ಮರೆತೇಬಿಟ್ಟಿದ್ದೆ."

"ತೂತಿಯಾ? ನಮ್ಮ ಭಾಷೆಯಲ್ಲಿ ತೂತು ಅಂದರೆ ಬೇರೆ ಉಂಟು" ಎಂದು ಲೀಲಾಕ್ಷಿ ನಕ್ಕಳು. "ನಾಲ್ಕು ಸುತ್ತಲೂ ನೀರಾ ನಿಮ್ಮೂರಿಗೆ?"

"ನಾಲ್ಕು ಸುತ್ತಲೂ."

"ಅದಕ್ಕೆ ನಾವು ಕುದ್ರು ಅಂತೇವೆ. ನಾನು ಹುಟ್ಟಿದ್ದೂ ಕುದ್ರುವಿನಲ್ಲೇ. ಶಾಲೆಗೆ ದೋಣಿ, ಆಸ್ಪತ್ರೆಗೆ ದೋಣಿ, ನನ್ನ ದಿಬ್ಬಣ ಹೋದದ್ದೂ ದೋಣಿಯಲ್ಲೇ. ಇಲ್ಲಿಗೆ ಬಂದ ಹೊಸದರಲ್ಲಿ ನೆಲ ಅಲುಗುವುದಿಲ್ಲ ಅಂತ ನನಗೆ ನಿದ್ದೆ ಬರ್ತಿರಲಿಲ್ಲ."

ಆಮ್ನಾ ನಿಂತು ಅವಳ ಮುಖವನ್ನು ಹೊಸದಾಗಿ ನೋಡಿದಳು. ಅಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಬಟ್ಟೆ ಹಿಂಡಿಕೊಂಡು ಕೂತಾಗ ಲೀಲಾಕ್ಷಿ ತಟ್ಟೆಯಲ್ಲಿ ಬಿಸಿ ಗೋಳಿಬಜೆ ತಂದು ಇಬ್ಬರ ನಡುವೆ ಇಟ್ಟಳು. ಒಂದೇ ತಟ್ಟೆ. ಚಟ್ನಿಯೂ ಒಂದೇ ಬಟ್ಟಲಲ್ಲಿ.

ಅಂದಿನಿಂದ ಆಮ್ನಾ ದಿನವೂ ಕೆಳಗೆ ಬರತೊಡಗಿದಳು. ರಸ್ತೆ ದಾಟುವುದನ್ನು ಕಲಿತಳು. ತರಕಾರಿ ಗಾಡಿಯವನಿಗೆ ಮೊದಲು ಏನು ಬೇಕೋ ಹೇಳಿ, ಅವನು ತೂಗುವಷ್ಟರಲ್ಲಿ ತಾಯಿಯ ಆರೋಗ್ಯ ಕೇಳುವ ಉಪಾಯ ಕಂಡುಕೊಂಡಳು. ಈಗ ಅವನೇ ಅವಳನ್ನು ಕಂಡರೆ, "ಭಾಭಿ, ಅಮ್ಮ ಆರಾಮಿದ್ದಾಳೆ" ಎಂದು ಕೂಗುತ್ತಿದ್ದ. ಸಂಜೆ ಕಾಬೂಲಿ ಕಡಲೆ ನೆನೆಸಿ ರುಬ್ಬಿ ತನ್ನೂರಿನ ವಡೆ ಕರಿಯುತ್ತಿದ್ದಳು; ಅದಕ್ಕೆ ಶೇಂಗಾದ ಗೊಜ್ಜು. ಕಾಶವ್ವ ನಾಲಿಗೆಗೆ ಹಚ್ಚಿ ನೋಡಿ, "ಆಮ್ನವ್ವಾರ, ಇದು ನಮ್ಮ ಶೇಂಗಾ ಚಟ್ನಿ ನೀರಾಗ ಬಿದ್ದಂಗ ಆಗ್ಯದ" ಅಂದಳು. ಆಮ್ನಾ ಅವಳನ್ನು ನೋಡಿ ಬಾಯ್ತುಂಬ ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಲೀಲಾಕ್ಷಿಯನ್ನು ಲೀಲಕ್ಕ ಎಂದು ಕರೆಯುವುದನ್ನೂ ಅವಳು ಕಲಿತದ್ದು ಕಾಶವ್ವನಿಂದಲೇ.

ಆದರೂ ಕೆಲವು ಬೆಳಗುಗಳಲ್ಲಿ ಗ್ರೈಂಡರಿನ ಸದ್ದಿನೊಡನೆ ದೋಣಿ ಬರುತ್ತಿತ್ತು. ಕೆಲವೊಮ್ಮೆ ದೋಣಿಯಲ್ಲಿ ಕಾಶವ್ವ ಕೂತಿರುತ್ತಿದ್ದಳು, ತೂತಿಯ ದಡದ ಮೇಲೆ ತರಕಾರಿ ಗಾಡಿಯಿರುತ್ತಿತ್ತು. ಬಶೀರನ ಮುಖ ಮಾತ್ರ ಬೆಳಕಿನಲ್ಲಿ ಕಾಣುತ್ತಿರಲಿಲ್ಲ.

ಮುಂದಿನ ಬೇಸಗೆಯ ಒಂದು ಬೆಳಿಗ್ಗೆ ರಿಹಾಬ್ "ಬಾಬಾ! ಬಾಬಾ!" ಎಂದು ಚೀರುತ್ತ ಮೆಟ್ಟಿಲಿಳಿದು ಬಂದಳು. ಬಶೀರ್ ಬದುಕಿದ್ದ. ನಡುಗಡ್ಡೆಯಿಂದ ಪಾರಾಗಿ, ಹೇಗೋ ಗಡಿ ದಾಟಿ, ಕೈರೋದಲ್ಲಿ ನೆಂಟರ ಮನೆಯಲ್ಲಿದ್ದ. ಅವನ ಕಾಲಿಗೆ ಪೆಟ್ಟಾಗಿತ್ತು. ಚಿಕಿತ್ಸೆಗೆಂದು ಪುಣೆಗೆ ಬರಲು ಅನುಮತಿ ಸಿಗುವುದಿತ್ತು. ಫೋನಿನಲ್ಲಿ ಅವನ ದನಿ ಕೇಳಿ ಆಮ್ನಾ ಉಸಿರಾಡುತ್ತ ನಿಂತಳು, ಆ ಕಡೆಯಲ್ಲಿ ಅವನೂ. ಅತ್ತೆ ಹೇಗಿದ್ದಾಳೆಂದು ಅವಳು ಕೊನೆಗೆ ಕೇಳಿದಾಗ ಅವನು, "ಬಂದ ಮೇಲೆ ಹೇಳುತ್ತೇನೆ" ಅಂದ.

ಅವನು ಬರುವ ಹಿಂದಿನ ದಿನ ಮಧ್ಯಾಹ್ನ ಮಾಳಿಗೆಯ ಬಚ್ಚಲಿನ ಕಿಟಕಿಯಿಂದ ಹೊಗೆ ಏಳತೊಡಗಿತು. ಎದುರಿನ ಸೊಸೈಟಿಯ ಸೆಕ್ರೆಟರಿ ಮಧುಕರ್ ಬಾಲ್ಕನಿಯಿಂದ ಕಂಡು, "ಆಗ್ ಲಾಗ್ಲೀ! ಬೆಂಕಿ ಬಿದ್ದಿದೆ!" ಎಂದು ಕೂಗುತ್ತ ಇಳಿದು ಓಡಿ ಬಂದರು. ಹಿಂದೆ ಇನ್ನೂ ಮೂರ್ನಾಲ್ಕು ಗಂಡಸರು, ಕೈಯಲ್ಲಿ ಬಕೆಟ್ಟುಗಳು. ಲೀಲಾಕ್ಷಿ ಅವರಿಗಿಂತ ಮುಂಚೆ ಮೇಲೆ ಓಡಿದಳು. ಬಚ್ಚಲಿನ ಬಾಗಿಲು ತಳ್ಳಿ ನೋಡಿದವಳು ತಟ್ಟನೆ ಅದನ್ನೆಳೆದುಕೊಂಡು, ಹೊರಬಾಗಿಲಿಗೆ ಬಂದು ಅಡ್ಡ ನಿಂತಳು.

"ಬೆಂಕಿ ಇಲ್ಲ. ಧೂಪ. ಹೆಂಗಸರ ಧೂಪ. ನೀವೆಲ್ಲ ಕೆಳಗೆ ಹೋಗಿ, ಕಾಶವ್ವ ಚಹಾ ಕೊಡ್ತಾಳೆ" ಎಂದು ಮರಾಠಿಯಲ್ಲಿ ಹೇಳಿದಳು.

"ಅಹೋ ಲೀಲಾತಾಯಿ, ಇಷ್ಟೊಂದು ಧೂಪವೇ?"

"ಇಷ್ಟೇ ಬೇಕಾಗ್ತದೆ."

ಮಧುಕರ್ ಅನುಮಾನದಿಂದ ಮೂಗರಳಿಸಿದರು. ಹೊಗೆಯಲ್ಲಿ ಶ್ರೀಗಂಧದ ಪರಿಮಳವಿತ್ತು. ಬಕೆಟ್ಟು ಹಿಡಿದುಕೊಂಡೇ ಕೆಳಗಿಳಿದರು.

ಲೀಲಾಕ್ಷಿ ಒಳಗೆ ಹೋದಳು. ಮಣ್ಣಿನ ಗಡಿಗೆಯಲ್ಲಿ ಕೆಂಡ, ಕೆಂಡದ ಮೇಲೆ ಜಾಲಿ ಕಟ್ಟಿಗೆಯ ಚಕ್ಕೆ, ಅದಕ್ಕೊಂದಿಷ್ಟು ಶ್ರೀಗಂಧದ ಪುಡಿ. ಕಟ್ಟಿಗೆ ವಖಾರಿಯಿಂದ ಚಕ್ಕೆ ಆರಿಸಿ ತಂದುಕೊಟ್ಟವಳು ಕಾಶವ್ವನೇ ಎಂದು ಆಮೇಲೆ ತಿಳಿಯಿತು. ಗಡಿಗೆಯ ಮೇಲೆ ಸಣ್ಣ ಸ್ಟೂಲಿಟ್ಟು, ಕುತ್ತಿಗೆಯವರೆಗೆ ಕಂಬಳಿ ಹೊದ್ದು ಆಮ್ನಾ ಕೂತಿದ್ದಳು. ಮುಖ ಬೆವರಿ ಹೊಳೆಯುತ್ತಿತ್ತು. ಕಂಬಳಿಯ ಅಂಚಿನಿಂದ ಹೊಗೆ ನಿಧಾನವಾಗಿ ಹೊರಬಂದು, ಅವಳ ಭುಜ ಸವರಿ, ಕಿಟಕಿಯ ಬಿಸಿಲಿನಲ್ಲಿ ನೀಲಿಯಾಗಿ ತೇಲುತ್ತಿತ್ತು.

"ಗಂಡ ಬರುವಾಗ ನಮ್ಮಲ್ಲಿ ಹೀಗೆ ಮಾಡುತ್ತೇವೆ ಲೀಲಕ್ಕ. ಇಷ್ಟು ದಿನ ಮಾಡಿರಲಿಲ್ಲ. ಅವನಿದ್ದಾನೋ ಇಲ್ಲವೋ ತಿಳಿಯದೆ ಹೇಗೆ ಮಾಡಲಿ?"

ಲೀಲಾಕ್ಷಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೆರಿಗೆಯಾದ ಮೇಲೆ ತವರಿನಲ್ಲಿ ತಾಯಿ ಅವಳ ಒದ್ದೆ ಕೂದಲನ್ನು ಬುಟ್ಟಿಯ ಮೇಲೆ ಹರಡಿ, ಕೆಳಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಮಗ್ಗುಲಲ್ಲಿ ಮಗು ಮಲಗಿರುತ್ತಿತ್ತು. ಹೊರಗೆ ನೀರಿನ ಸದ್ದು. ಹೊಗೆ ಮೂಗಿಗೆ ತಾಗಿದ ಕೂಡಲೇ ಅದೆಲ್ಲ ಹಾಗೆಯೇ ಇತ್ತು, ಯಾವುದೂ ಕಳೆದುಹೋಗಿರಲಿಲ್ಲ.

"ಇದು ಯಾರು ಬೇಕಾದರೂ ಮಾಡಬಹುದಾ?" ಎಂದು ಕೇಳಿದಳು.

ಆಮ್ನಾ ಕಂಬಳಿಯ ಅಂಚು ಸರಿಪಡಿಸಿಕೊಂಡಳು. "ಗಂಡನಿರುವವರು ಮಾತ್ರ. ಅಲ್ಲಿ ಹಾಗೆ."

ಲೀಲಾಕ್ಷಿ ತಲೆಯಾಡಿಸಿದಳು. ಇಂಥ ಮಾತು ಅವಳಿಗೆ ಹೊಸದಾಗಿರಲಿಲ್ಲ. ಬೀದಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಕರೆಯುವಾಗ ಅವಳ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ಅವಳು ಏಳಲು ಹೊರಟಾಗ ಆಮ್ನಾ ಕಂಬಳಿಯೊಳಗಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು.

"ಲೀಲಕ್ಕ, ಇದು ಅಲ್ಲಿ ಅಲ್ಲ. ಇದು ಇಲ್ಲಿ. ನಾನು ಎದ್ದ ಮೇಲೆ ನೀವು ಕೂರಿ."

ಆ ಮಧ್ಯಾಹ್ನ ಹೋಟೆಲಿನ ಗಲ್ಲಾದ ಮೇಲೆ ಯಾರೂ ಇರಲಿಲ್ಲ. ಲೀಲಾಕ್ಷಿ ಕಂಬಳಿ ಹೊದ್ದು ಕಣ್ಣು ಮುಚ್ಚಿ ಕೂತಳು. ಬಿಸಿ ಪಾದದಿಂದ ಏರುತ್ತ ಬಂತು. ಬಹಳ ಕಾಲದಿಂದ ಯಾರೂ ಮುಟ್ಟದ ಮೈಯನ್ನು ಯಾರೋ ಮೆತ್ತಗೆ ಕೇಳಿ ಕೇಳಿ ಮುಟ್ಟುವ ಹಾಗಿತ್ತು. ಅವಳು ಸದ್ದಿಲ್ಲದೆ ಅತ್ತಳು. ಹೊಗೆಗೆ ಕಣ್ಣಲ್ಲಿ ನೀರು ಬರುವುದು ಸಹಜವೆಂಬಂತೆ ಆಮ್ನಾ ಅವಳ ಕೂದಲನ್ನು ಬೆರಳಲ್ಲಿ ಬಿಡಿಸುತ್ತ ನಿಂತಳು.

ಬಶೀರ್ ಬಂದ. ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಊರುಗೋಲಿನ ಮೇಲೆ ಭಾರ ಹಾಕಿ ನಿಂತಿದ್ದ ಬಿಳಿಗೂದಲಿನವನನ್ನು ರಿಹಾಬ್ ದಾಟಿ ಹೋಗಿಬಿಟ್ಟಿದ್ದಳು. ಆಮ್ನಾ ದಾಟಲಿಲ್ಲ.

ಅವಳ ಮೈಯ ಪರಿಮಳ ಅವನಿಗೆ ತಿಳಿಯಿತು. ಉಳಿದದ್ದೇನೂ ತಿಳಿಯಲಿಲ್ಲ. ಅವನ ಹೆಂಡತಿ ಆಟೋದವನೊಡನೆ ಗಟ್ಟಿಯಾಗಿ ವಾದಿಸುತ್ತಿದ್ದಳು, ಮೂಗಿನಲ್ಲಿ ನೀರಿಳಿಯುವಷ್ಟು ಖಾರ ತಿನ್ನುತ್ತಿದ್ದಳು, ಯಾರಿಗೋ ಎರಡೇ ಮಾತಿನಲ್ಲಿ ನಮಸ್ಕಾರ ಮುಗಿಸಿ ಮುಂದೆ ಹೋಗುತ್ತಿದ್ದಳು. ರಸ್ತೆಯ ಅಂಚಿನಲ್ಲಿ ಸ್ಕೂಟರುಗಳ ಹೊಳೆ ನೋಡಿ ಅವನು ಕಲ್ಲಾಗಿ ನಿಂತರೆ, "ನನ್ನ ಕೈ ಹಿಡಿ. ಅವರ ಕಡೆ ನೋಡಬೇಡ, ನಡೆಯುತ್ತಿರು. ಅವರೇ ಬಳಸಿಕೊಂಡು ಹೋಗುತ್ತಾರೆ" ಅನ್ನುತ್ತಿದ್ದಳು. ಅವನು ಹಾಗೆಯೇ ಮಾಡುತ್ತಿದ್ದ. ಆದರೆ ದಾಟಿದ ಮೇಲೆ ಅವಳನ್ನು ಪರಕೀಯಳಂತೆ ನೋಡುತ್ತಿದ್ದ.

"ನಾವು ಯಾವಾಗ ವಾಪಸು ಹೋಗುವುದು?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದ. ತಾಯಿಯ ವಿಷಯ ಎತ್ತುತ್ತಿರಲಿಲ್ಲ. ಕಾಲಿಗೆ ಆಪರೇಷನ್ ಆಗಿ ಕೋಲಿಲ್ಲದೆ ನಡೆಯುವಂತಾದರೂ ಹಗಲೆಲ್ಲ ಮಲಗಿರುತ್ತಿದ್ದ. ಆಮ್ನಾ ಹಾಸಿಗೆಯಂಚಿನಲ್ಲಿ ಕೂತು ಅವನ ರೆಪ್ಪೆಗಳ ಕೆಳಗೆ ಕಣ್ಣು ಓಡಾಡುವುದನ್ನು ನೋಡುತ್ತಿದ್ದಳು. ಅವನು ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಆಮ್ನಾ ಹಾಲು ತಂದು ನೋಡುತ್ತಾಳೆ, ಹಾಸಿಗೆ ಖಾಲಿ. ಚಪ್ಪಲಿಯಿಲ್ಲ. ಫೋನು ಮೇಜಿನ ಮೇಲೆಯೇ ಇದೆ. ರಿಹಾಬ್ ಒಂದು ದಿಕ್ಕಿಗೆ ಓಡಿದಳು. ಲೀಲಾಕ್ಷಿ ಆಸ್ಪತ್ರೆಗೆ ಫೋನು ಮಾಡಿದಳು. ಬಶೀರನಿಗೆ ಹಿಂದಿಯ ಒಂದು ಶಬ್ದವೂ ಬರುತ್ತಿರಲಿಲ್ಲ.

ತರಕಾರಿ ಗಾಡಿಯವನು ಮಾತ್ರ, "ಉದ್ದಕ್ಕಿದ್ದ ಒಬ್ಬರು ನಿಂಬೆಹಣ್ಣಿನ ಟೆಂಪೋದ ಹಿಂದೆಯೇ ನಡೆದುಕೊಂಡು ಹೋದರು, ಮಾರ್ಕೆಟ್ ಯಾರ್ಡಿನ ಕಡೆಗೆ" ಅಂದ.

"ಅಲ್ಲಿ ನಮ್ಮ ಕಡಿ ಮಂದಿ ಭಾಳ ಅದಾರ. ತಡೀರಿ ಕೇಳತೀನಿ" ಎಂದು ಕಾಶವ್ವ ಫೋನು ತೆಗೆದಳು. ಇಂಡಿಯಿಂದ ನಿಂಬೆಹಣ್ಣು ತರುವ ವ್ಯಾಪಾರಿ ಧರ್ಮಣ್ಣ ಅವಳ ಊರಿನವನೇ. ಅವನ ದನಿ ಫೋನಿನಾಚೆಗೂ ಕೇಳಿಸುವಷ್ಟು ಜೋರು.

"ಅದಾರ್ರಿ! ನಮ್ಮ ಅಂಗಡ್ಯಾಗೇ ಕುಂತಾರ. ಏನ್ ಕೇಳಿದ್ರೂ ಮಾತಿಲ್ಲ. ಒಂದು ಹಣ್ಣು ಕೈಯಾಗ ಕೊಟ್ಟೆ, ಮೂಸಿ ನೋಡಿ ಅಳಾಕ ಹತ್ಯಾರ. ಬರ್ರಿ ಲಗೂನ."

ಮಾರ್ಕೆಟ್ ಯಾರ್ಡಿನ ಆ ಅಂಗಡಿಯ ತುಂಬ ನಿಂಬೆಹಣ್ಣಿನ ರಾಶಿಗಳಿದ್ದವು. ತಗಡಿನ ಸಂದಿನಿಂದ ಬಿಸಿಲು ಇಳಿದು ಒಂದೊಂದು ರಾಶಿಯೂ ಒಳಗಿನಿಂದ ಹೊತ್ತಿಕೊಂಡಂತಿತ್ತು. ನಡುವೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಬಶೀರ್. ತೂತಿಯಲ್ಲಿ ಅವನ ತಂದೆಗೆ ನಿಂಬೆ ತೋಟವಿತ್ತು. ಆಮ್ನಾ ಮದುವೆಯಾಗಿ ಹೋದ ಮನೆಯ ಕಿಟಕಿಗಳು ಆ ತೋಟದೊಳಕ್ಕೇ ತೆರೆಯುತ್ತಿದ್ದವು. ಅವಳು ಅವನ ಪಕ್ಕ ನೆಲದ ಮೇಲೆ ಕೂತಳು.

ಬಶೀರ್ ಕೈಯಲ್ಲಿದ್ದ ಹಣ್ಣನ್ನು ಅವಳ ಮಡಿಲಿಗಿಟ್ಟು ಮಾತಾಡಿದ.

"ಅಮ್ಮನನ್ನು ಸ್ಮಶಾನಕ್ಕೆ ಒಯ್ಯಲು ಸೈನಿಕರು ಬಿಡಲಿಲ್ಲ. ತೋಟದಲ್ಲೇ ಹುಗಿದೆ. ಬಾವಿಯ ಹತ್ತಿರದ ಗಿಡದ ಕೆಳಗೆ. ಕತ್ತಲಾಗುವ ಮುಂಚೆ ಮುಗಿಸಬೇಕಿತ್ತು, ಒಬ್ಬನೇ ಅಗೆದೆ. ಆಮೇಲೆ ಗಿಡಗಳಿಗೆ ನೀರು ಹಾಕುವವರು ಯಾರೂ ಉಳಿಯಲಿಲ್ಲ, ಆಮ್ನಾ. ನಾನು ಹೊರಡುವಾಗ ಎಲ್ಲ ಒಣಗಿದ್ದವು. ಅವಳನ್ನು ಬಿಸಿಲಿನಲ್ಲಿ ಬಿಟ್ಟು ಬಂದೆ."

ಆಮ್ನಾ ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಅತ್ತೆಯ ಹೆಸರು ಹೇಳಿ ಪ್ರಾರ್ಥನೆಯ ಮಾತುಗಳನ್ನು ಮೆಲ್ಲಗೆ ಹೇಳತೊಡಗಿದಳು. ಅವನ ದನಿಯೂ ತಡವರಿಸುತ್ತ ಸೇರಿಕೊಂಡಿತು. ಏನೆಂದು ತಿಳಿಯದಿದ್ದರೂ ಧರ್ಮಣ್ಣ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಮಾಲರು ಚೀಲಗಳನ್ನು ಸದ್ದಾಗದಂತೆ ಇಳಿಸಿದರು.

ಪ್ರಾರ್ಥನೆ ಮುಗಿದ ಮೇಲೆ ಬಶೀರ್ ಕಣ್ಣೊರೆಸಿಕೊಂಡು ಧರ್ಮಣ್ಣನ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಕೇಳಿದ.

"ಏನಂತಾರ್ರಿ?" ಎಂದ ಧರ್ಮಣ್ಣ.

"ನಿಮ್ಮ ಆರೋಗ್ಯ ಕೇಳುತ್ತಿದ್ದಾನೆ" ಅಂದಳು ಆಮ್ನಾ ಹಿಂದಿಯಲ್ಲಿ. "ಮನೆಯವರ ಆರೋಗ್ಯವನ್ನೂ. ನಿಮ್ಮ ತಾಯಿಯ ಆರೋಗ್ಯವನ್ನೂ."

ಧರ್ಮಣ್ಣ ತಕ್ಕಡಿ ಬಿಟ್ಟು ಬಂದು ಎದುರಿಗೆ ಕೂತ. ತನ್ನ ತಾಯಿಗೆ ಈಚೆಗೆ ಮೊಣಕಾಲು ನೋವೆಂದೂ, ಆದರೂ ಹೊಲಕ್ಕೆ ಹೋಗುವುದು ಬಿಟ್ಟಿಲ್ಲವೆಂದೂ, ಹೇಳಿದರೆ ಕೇಳುವುದಿಲ್ಲವೆಂದೂ ಕನ್ನಡ, ಮರಾಠಿ, ಹಿಂದಿ ಕೂಡಿಸಿ ವಿವರವಾಗಿ ಹೇಳತೊಡಗಿದ. ಬಶೀರ್ ಮುಂದಕ್ಕೆ ಬಾಗಿ, ಆಮ್ನಾ ಅರಬ್ಬಿಗೆ ತಿರುಗಿಸಿ ಹೇಳುವ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿಸಿಕೊಂಡ.